ಕೊನೆಯ ಸಾಲಿಗೆ ಕೇಳಬೇಕು

ಪುತ್ತಿಗೆಯಲ್ಲಿ ನಮ್ಮ ಪಕ್ಕದ ಮನೆಯವರದ್ದು ಮೈಕ್ ಸೆಟ್ಟಿನ ಕೆಲಸ. ಮದುವೆಯಿರಲಿ, ಯಕ್ಷಗಾನವಿರಲಿ, ಸೌಂಡ್ ಹೊಂದಿಸುವ ಮೊದಲು ಕೊನೆಯ ಸಾಲಿನವರೆಗೆ ನಡೆದುಹೋಗಿ, ಕುರ್ಚಿಯ ಬೆನ್ನು ಹಿಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಯಾರು ಏನೇ ಹೇಳಲಿ, ಅವರದ್ದು ಒಂದೇ ಮಾತು: "ಕೊನೆಯ ಸಾಲಿಗೆ ಕೇಳ್ಬೇಕು ಮಾರಾಯ್ರೆ."

ಮಂಗಳೂರಿನ ಸಂಗೀತೋತ್ಸವಕ್ಕೆ ಒಮ್ಮೆ ಅವರ ಪಿಕಪ್ಪಿನಲ್ಲೇ ಹೋದೆ. ನನಗೆ ಬೇಕಿದ್ದದ್ದು ಸಂಜೆಯ ದೊಡ್ಡ ಬ್ಯಾಂಡ್. ಸ್ಪೀಕರುಗಳ ಜೊತೆ ಹೊರಟವಳು ಮಧ್ಯಾಹ್ನವೇ ತಲುಪಿದೆ. ಉರಿಬಿಸಿಲಿನ ಹೊತ್ತು ಊರಿನ ತಂಡಗಳಿಗೆ ಮೀಸಲು. ವಾಮದಪದವಿನ ಮೂವರು ವೇದಿಕೆ ಹತ್ತಿದಾಗ ಎದುರಿಗೆ ಇದ್ದದ್ದು ಅವರ ಮನೆಯವರು ಮಾತ್ರ, ಅದೂ ಮುಂದಿನ ಸಾಲಿನಲ್ಲಿ.

ಸಂಘಟಕರೊಬ್ಬರು ಬಂದು, "ಸೌಂಡ್ ಕಮ್ಮಿ ಮಾಡಿ. ಹಿಂದೆ ಯಾರು ಉಂಟು ಕೇಳ್ಲಿಕ್ಕೆ?" ಎಂದರು.

ನಮ್ಮ ಮೈಕಿನವರು ನನ್ನ ಕಡೆ ತಿರುಗಿ, "ಟೀಚರ್, ನೀವೊಮ್ಮೆ ಕೊನೆಯ ಸಾಲಿನಲ್ಲಿ ಹೋಗಿ ಕೂತ್ಕೊಳ್ಳಿ" ಎಂದರು.

ಗೊಣಗುತ್ತಲೇ ಹೋಗಿ ಕಾದ ಕುರ್ಚಿಯಲ್ಲಿ ಕೂತೆ. ಹಾಡು ತುಳುವಿನಲ್ಲಿತ್ತು: ಕೈ ಅಡ್ಡ ಹಿಡಿದರೂ ಎಕ್ಸ್‌ಪ್ರೆಸ್ ಬಸ್ಸು ನಿಲ್ಲದೆ ಹೋಗುತ್ತದೆ, ಹೆಂಗಸೊಬ್ಬಳು ಧೂಳಿನಲ್ಲಿ ನಿಂತೇ ಇರುತ್ತಾಳೆ. ಶಾಲೆಗೆ ಹೊರಡುವ ನನ್ನ ದಿನನಿತ್ಯದ ಬೆಳಗು ಅದು. ಅದನ್ನೂ ಹಾಡಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಒಂದೊಂದು ಮಾತೂ ಸ್ಪಷ್ಟವಾಗಿ ಕೇಳಿತು. ದೂರದಿಂದ ಮೈಕಿನವರು ಹೇಗುಂಟೆಂದು ಕೈಯಲ್ಲೇ ವಿಚಾರಿಸಿದರು. ನಾನು ಎರಡೂ ಕೈ ಎತ್ತಿದೆ.

ಅವರು ಮನೆ ಬದಲಿಸಿ ವರ್ಷಗಳಾದವು. ಊರಿನ ತಂಡಗಳಿಗಾಗಿ ಈಗಲೂ ಮಧ್ಯಾಹ್ನವೇ ಹೋಗುತ್ತೇನೆ, ಹೋಗಿ ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಅಲ್ಲಿ ಯಾರಾದರೂ ಇರಬೇಕಲ್ಲ.