ಒಳಗಿನ ಒಲೆ ಏರಿದ ಹಂದಿ ಬಾಡು

ಮೊಮ್ಮಗಳು ಹಂದಿ ಮಾಂಸಕ್ಕೆ ಬೆಲ್ಲದ ಪಾಕ ಸವರಿ ಓವನ್ನಿನಲ್ಲಿ ಇಟ್ಟಿದ್ದಾಳೆ. ಮಧ್ಯಾಹ್ನ ಮನೆಯವರೆಲ್ಲ ಊಟಕ್ಕೆ ಬರುತ್ತಾರೆ. ಆ ಪಾಕ ಕಾಯುವ ವಾಸನೆಗೆ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಹುಡುಗಿಯಾಗಿದ್ದಾಗ ರಾಯಲ್ಪಾಡಿನ ನಮ್ಮ ಮನೆಯಲ್ಲಿ ಹಂದಿ ಬಾಡು ಹೊಸಿಲು ದಾಟುವಂತಿರಲಿಲ್ಲ. ಒಳಗಿನ ಒಲೆಯ ಪಕ್ಕದ ಗೂಡಿನಲ್ಲಿ ಮನೆದೇವರಿತ್ತು. ಅಪ್ಪ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಬೇರೆ ಮಡಕೆಯಲ್ಲಿ ತಾವೇ ಬೇಯಿಸುತ್ತಿದ್ದರು. ಅಕ್ಕನ ಗಂಡ ಮದುವೆಯಾದ ಮೇಲೆ ಮೊದಲ ಸಲ ಉಣ್ಣಲು ಬರುವ ದಿನ, ಬೆಂದ ಬಾಡಿಗೆ ಪಾಕ ಸುರಿದು, "ಕಲಕ್ತಾ ಇರು ಕಣೇ" ಎಂದು ನನಗೆ ಹೇಳಿ ಅಪ್ಪ ಭಾವನನ್ನು ಕರೆತರಲು ಹೋದರು.

ಗಾಳಿ ಎದ್ದಿತು. ಕಿಡಿ ಹುಲ್ಲಿನ ಬಣವೆಯ ಕಡೆ ಹಾರಿತು. ನಾನು ಬೆಂಕಿಗೆ ನೀರು ಸುರಿದು, ಮಡಕೆ ಎತ್ತಿಕೊಂಡು ಹೋಗಿ ಒಳಗಿನ ಒಲೆಯ ಮೇಲೆ ಇಟ್ಟೆ.

"ಲೇ, ಮನೆ ಕೆಡಿಸ್ದಲ್ಲೇ!" ಎಂದು ಅಜ್ಜಿ ಕಿರುಚಿದಳು. ಎಲ್ಲಾ ಚೆಲ್ಲಿಸುತ್ತಾಳೆ ಎಂದುಕೊಂಡೆ. ಅಷ್ಟರಲ್ಲಿ ಬೀದಿಯಲ್ಲಿ ಅಪ್ಪನ ದನಿ ಕೇಳಿತು. ಇತ್ತ ಬಾಡು ತಳ ಹಿಡಿಯತೊಡಗಿತು. ಅಜ್ಜಿ ಒಂದು ಗಳಿಗೆ ನಿಂತಳು. ಆಮೇಲೆ ಒಂದು ಕೈಯಲ್ಲಿ ಸೆರಗು ಹಿಡಿದು ದೇವರಿಗೆ ಮರೆ ಮಾಡಿ, ಇನ್ನೊಂದು ಕೈಯಲ್ಲಿ ಸೌಟು ತಿರುವಿದಳು.

"ಅಳಿಯ ಹೋಗ್ಲಿ, ಆಮೇಲೆ ನಿನಗೈತೆ!"

ಭಾವ ಎರಡು ಸಲ ಹಾಕಿಸಿಕೊಂಡು ಉಂಡರು. ಅವರು ಬೀದಿ ತಿರುಗಿದ ಮೇಲೆ, ಸಗಣಿಯಿಂದ ಒಲೆ ಸಾರಿಸುತ್ತಾ ಬೈಯಲು ಶುರು ಮಾಡಿದ ಅಜ್ಜಿ ಮೂರು ದಿನ ನಿಲ್ಲಿಸಲಿಲ್ಲ.

ಈಗ ಈ ಮೊಮ್ಮಗಳು ಫೋನು ಹಿಡಿದು ಬಾಲ್ಕನಿ ಸೇರಿದ್ದಾಳೆ. ಕೂಗಿದರೆ "ಐದೇ ನಿಮಿಷ ಅಜ್ಜಿ" ಅನ್ನುತ್ತಾಳೆ. ಸೀದ ವಾಸನೆ ಬರುತ್ತಿದೆ. ಬೈಗುಳ ಆಮೇಲೆ, ಮೊದಲು ಎದ್ದು ಹೋಗಿ ಮಗುಚಿ ಹಾಕುತ್ತೇನೆ.