ಬುಲ್‌ಬುಲ್ ಮರಿ ಹಾರಲು ಎಷ್ಟು ದಿನ

ಠಾಣೆಯ ವರ್ತಕ ನಗರದ ನಮ್ಮ ಹೌಸಿಂಗ್ ಸೊಸೈಟಿಗೆ ಬಣ್ಣ ಹೊಡೆಯುವ ಕೆಲಸ ಶುರುವಾದ ವಾರವೇ ನಮ್ಮ ಅಡುಗೆಮನೆಯ ಗ್ರಿಲ್ಲಿನ ಮನಿಪ್ಲಾಂಟ್ ಬಳ್ಳಿಯಲ್ಲಿ ಬುಲ್‌ಬುಲ್ ಒಂದು ಗೂಡು ಕಟ್ಟಿ ಮೂರು ಮೊಟ್ಟೆ ಇಟ್ಟಿತು. ಬಣ್ಣದವರು ನಿಲ್ಲಲು ಕಟ್ಟುವ ಬಿದಿರಿನ ಅಟ್ಟಣೆ, ಇಲ್ಲಿಯವರ ಬಾಯಲ್ಲಿ ಪರಾಂಚಿ, ನಮ್ಮ ವಿಂಗಿನ ತನಕ ಬಂತು. ಗ್ರಿಲ್ ಖಾಲಿ ಮಾಡಿ ಎಂದು ಕಂತ್ರಾಟುದಾರ ಹೇಳಿ ಹೋದ.

ನಾನು ಸೆಕ್ರೆಟರಿಯವರ ಮನೆಗೆ ಹೋದೆ. ಅವರು ಉಡುಪಿ ಕಡೆಯವರು, ಸ್ಟೇಷನ್ ಹತ್ತಿರ ಹೋಟೆಲ್ ನಡೆಸುತ್ತಾರೆ.

"ಒಂದು ಹಕ್ಕಿಗೋಸ್ಕರ ಕೆಲ್ಸ ನಿಲ್ಲಿಸ್ಲಿಕ್ಕೆ ಆಗ್ತದಾ ಅಕ್ಕ? ಎಷ್ಟು ದಿವ್ಸ ಅಂತ ಸರಿಯಾಗಿ ಹೇಳಿ."

ಮೊಬೈಲ್ ತೆಗೆದು ತೋರಿಸಿದೆ. ಒಂದು ಕಡೆ ಒಂದು ಲೆಕ್ಕ, ಇನ್ನೊಂದು ಕಡೆ ಇನ್ನೊಂದು.

"ಇದೆಲ್ಲ ಬೇಡ ಮಾರಾಯ್ರೆ. ಕಮಿಟಿಯವ್ರು ಕೇಳಿದ್ರೆ ನಾನು ಎಂತ ತೋರಿಸುದು? ಪುಸ್ತಕದಲ್ಲಿ ಇದ್ರೆ ತನ್ನಿ."

ಶನಿವಾರ ವಾಶಿಯ ನನ್ನ ಆಫೀಸಿಗೆ ರಜೆ. ಠಾಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋದೆ. ಇಪ್ಪತ್ತು ವರ್ಷ ಅದರ ಮುಂದೆಯೇ ಓಡಾಡಿದ್ದರೂ ಒಳಗೆ ಕಾಲಿಟ್ಟಿದ್ದು ಅವತ್ತೇ ಮೊದಲು. ಗ್ರಂಥಪಾಲಕಿ ನನಗಿಂತ ಹಿರಿಯ ಮರಾಠಿ ಹೆಂಗಸು. ಗಾಜಿನ ಕಪಾಟಿನ ಬೀಗ ತೆಗೆದು ದಪ್ಪನೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟರು. ಮನೆಗೆ ಕೊಡುವುದಿಲ್ಲ, ಇಲ್ಲೇ ಓದಬೇಕು ಎಂದರು.

ಪುಸ್ತಕದಲ್ಲಿ ಬುಲ್‌ಬುಲ್ ಒಂದೇ ಅಲ್ಲ. ಚಿತ್ರಗಳಲ್ಲಿ ಎರಡಕ್ಕೆ ಬಾಲದ ಬುಡ ಕೆಂಪು. ಅದರಲ್ಲಿ ಒಂದಕ್ಕೆ ಕೆನ್ನೆಯ ಮೇಲೂ ಕೆಂಪು. ನಮ್ಮದು ಯಾವುದೆಂದು ನಾನು ನೋಡಿಯೇ ಇರಲಿಲ್ಲ. ಮನೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ.

"ಅದರ ಕೆನ್ನಿ ಮ್ಯಾಲ ಕೆಂಪು ಐತೇನು ನೋಡ್ರಿ."

"ಕೆನ್ನಿ ಕರ್ರಗೈತಿ. ಕೆಂಪು ಹಿಂದ ಐತಿ."

"ಖರೇನಾ?"

"ಹಿಂದ ಮಾಡಿಕೊಂಡೇ ಕುಂತೈತಿ, ಎಷ್ಟು ಸರ್ತಿ ಹೇಳ್ಲಿ!"

ಅವರ ದನಿ ಫೋನಿನಾಚೆಗೂ ಕೇಳಿ ಓದುತ್ತಿದ್ದವರೆಲ್ಲ ತಲೆಯೆತ್ತಿದರು. ಗ್ರಂಥಪಾಲಕಿ ತುಟಿಯ ಮೇಲೆ ಬೆರಳಿಟ್ಟರು. ಆಮೇಲೆ ತಾವೇ ಬಂದು ನಾನು ಬೆರಳಿಟ್ಟ ಚಿತ್ರವನ್ನು ಬಗ್ಗಿ ನೋಡಿ "ಲಾಲ್‌ಬುಡ್ಯಾ" ಎಂದು ನಕ್ಕರು. ಕೆಂಪು ಬುಡದ್ದು ಎಂದು ಅರ್ಥ.

ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಗೂಡು ಬಿಡಲು ಹೆಚ್ಚುಕಡಿಮೆ ಅಷ್ಟೇ ದಿನ. ಅಷ್ಟನ್ನು ಹಾಳೆಯಲ್ಲಿ ಬರೆದುಕೊಂಡೆ. ಸೊಸೈಟಿಯ ವಿಷಯ ಹೇಳಿದಾಗ ಗ್ರಂಥಪಾಲಕಿ ನನ್ನ ಬರಹವನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿ ಕೆಳಗೆ ಗ್ರಂಥಾಲಯದ ಠಸ್ಸೆ ಒತ್ತಿ ಸಹಿ ಮಾಡಿಕೊಟ್ಟರು.

ಠಸ್ಸೆ ಕಂಡದ್ದೇ ಸೆಕ್ರೆಟರಿ ಕಂತ್ರಾಟುದಾರನನ್ನು ಕರೆಸಿ ಮೊದಲು ಎದುರಿನ ಸಿ ವಿಂಗ್ ಮುಗಿಸಲು ಹೇಳಿದರು.

ಮೂರೂ ಮೊಟ್ಟೆ ಒಡೆದವು. ಮರಿಗಳಿಗೆ ಪುಕ್ಕ ಮೂಡುವ ಹೊತ್ತಿಗೆ ಒಂದು ಬೆಳಿಗ್ಗೆ ನೋಡಿದರೆ ಎರಡೇ ಇದ್ದವು. ಎದುರಿನ ಪರಾಂಚಿಯ ಮೇಲೆ ಕಾಗೆ ಕೂತಿತ್ತು. ಆ ದಿನ ಲೋಕಲ್‌ನಲ್ಲಿ ಸೀಟು ಸಿಕ್ಕರೂ ನಿಂತೇ ಹೋದೆ. ಉಳಿದೆರಡು ಮುಂದಿನ ಭಾನುವಾರ ಗ್ರಿಲ್ಲಿನಿಂದ ಪಕ್ಕದ ಬಾದಾಮಿ ಮರಕ್ಕೆ ಹಾರಿದವು.

ಸಂಜೆ ಸೆಕ್ರೆಟರಿ ಖಾಲಿ ಗೂಡು ನೋಡಲು ಬಂದರು.

"ಮೂರೂ ಹೋದ್ವಾ?"

"ಎರಡು. ಒಂದನ್ನ ಕಾಗಿ ಒಯ್ತು ಅಣ್ಣಾವ್ರ."

ಅವರು ಗ್ರಿಲ್ಲಿಗೆ ಬಗ್ಗಿ ಗೂಡಿನೊಳಗೆ ನೋಡಿದರು. "ಅದನ್ನು ಆ ಪುಸ್ತಕದಲ್ಲಿ ಹೇಳಿಲ್ವಾ?"

"ಹೇಳೈತ್ರಿ. ಬಹಳಷ್ಟು ಮರಿ ಉಳಿಯೂದಿಲ್ಲ ಅಂತ ಇತ್ತು. ಆ ಸಾಲು ನಾನು ಬರಕೊಂಡು ಬರಲಿಲ್ಲ."

"ಒಳ್ಳೇದಾಯ್ತು. ಕಮಿಟಿಯವ್ರು ಅದನ್ನೇ ಹಿಡ್ಕೊಳ್ತಿದ್ರು" ಎಂದು ಅವರು ಚಪ್ಪಲಿ ಹಾಕಿಕೊಂಡರು.