ಚೆನ್ನರಾಯಪ್ಪ ತೆಗೆದ ಎರಡು ಸ್ಯಾಂಪಲ್

ಜಂಗಮಕೋಟೆ ಪಕ್ಕದ ಹಳ್ಳಿಯ ಹಾಲಿನ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷದಿಂದ ಹಾಲು ಪರೀಕ್ಷೆ ಮಾಡುತ್ತಿರುವ ಚೆನ್ನರಾಯಪ್ಪ ಯಾವುದನ್ನೂ ನೋಡಿದ ಕೂಡಲೇ ನಂಬಿದ ಮನುಷ್ಯನಲ್ಲ. ಮದುವೆ ಊಟಕ್ಕೆ ಹೋದರೂ ಪಾಯಸವನ್ನು ಮೊದಲು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟು, ಅದು ನಿಲ್ಲುತ್ತದೋ ಜಾರುತ್ತದೋ ನೋಡಿ ಆಮೇಲೆ ಬಾಯಿಗಿಡುತ್ತಾರೆ. ಅವರು ದೂರದಲ್ಲಿ ಬರುವುದು ಕಂಡರೆ ಟೀ ಅಂಗಡಿಯವನು ಹಾಲಿನ ಪಾತ್ರೆಗೆ ತಟ್ಟೆ ಮುಚ್ಚುತ್ತಾನೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಡೆದದ್ದು ಊರಿಗೆಲ್ಲ ಗೊತ್ತು. ಸೊಸೈಟಿಯಲ್ಲಿ ಪ್ರತಿಯೊಬ್ಬರ ಹಾಲಿನಿಂದಲೂ ಒಂದು ಪುಟ್ಟ ಬಾಟಲಿ ಸ್ಯಾಂಪಲ್ ತೆಗೆಯುತ್ತಾರೆ. ಬಾಟಲಿಯ ಮೇಲೆ ಹೆಸರಿಲ್ಲ, ಬರೀ ನಂಬರು. ಅವತ್ತು ನಲವತ್ತೊಂದನೇ ನಂಬರಿನ ಹಾಲಿನಲ್ಲಿ ನೀರು ಬೆರೆತಷ್ಟೂ ಮುಳುಗುವ ಲ್ಯಾಕ್ಟೋಮೀಟರು ತಳ ಹುಡುಕಿಕೊಂಡು ಹೋಯಿತು. "ನಲವತ್ತೊಂದು, ವಾಪಸ್!" ಎಂದು ಬೀದಿಗೆ ಕೇಳುವಂತೆ ಕೂಗಿದರು. ಸೆರಗು ಸಿಕ್ಕಿಸಿಕೊಂಡು ಕ್ಯಾನು ಎತ್ತಿಕೊಳ್ಳಲು ಬಂದವರು ಸ್ವಂತ ಅತ್ತೆ, ಹೆಂಡತಿಯ ತಾಯಿ. ಮೂರು ವರ್ಷ ಮಾತಿಲ್ಲ ಕತೆಯಿಲ್ಲ. ಯುಗಾದಿಗೆ ಮಗಳಿಗೆ ಮಾತ್ರ ಎಣಿಸಿ ಒಬ್ಬಟ್ಟು ಕಳಿಸುತ್ತಿದ್ದರಂತೆ. ಹೆಂಡತಿ ಗಂಗುಲಮ್ಮ ಇವತ್ತಿಗೂ ಜಗಳ ಸೋಲುವ ಹಂತಕ್ಕೆ ಬಂದರೆ "ನಲವತ್ತೊಂದು" ಎಂದು ಒಂದೇ ಮಾತು ಹೇಳಿ ಗೆದ್ದುಬಿಡುತ್ತಾರೆ.

ಇಂಥ ಚೆನ್ನರಾಯಪ್ಪ ಕಣ್ಣು ಮುಚ್ಚಿ ನಂಬುವುದು ಒಬ್ಬಳನ್ನೇ, ಮಗನ ಮಗಳು ಹರಿಣಿಯನ್ನು. ಎಂಟು ವರ್ಷ, ಮೂರನೇ ಕ್ಲಾಸು. ಮೂರು ವರ್ಷದಿಂದ ಅವಳಿಗೊಂದು ಕಿಡ್ನಿ ತೊಂದರೆ. ಸಣ್ಣ ನೆಗಡಿ ಬಂದರೂ ಸಾಕು, ಮೈಯಲ್ಲಿರಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿಹೋಗಿ ಬೆಳಿಗ್ಗೆ ಏಳುವಷ್ಟರಲ್ಲಿ ಕಣ್ಣಿನ ಸುತ್ತ ಊತ. ಅದಕ್ಕೆ ವಾರಗಟ್ಟಲೆ ಸ್ಟಿರಾಯ್ಡ್ ಮಾತ್ರೆ. ಮಾತ್ರೆಗೆ ಕೆನ್ನೆ ಉಬ್ಬುತ್ತದೆ, ಹಸಿವು ಹೆಚ್ಚುತ್ತದೆ. ಸ್ಕೂಲಿನಲ್ಲಿ ಅವಳಿಗೆ ಬನ್ನು ಎಂದು ಹೆಸರಿಟ್ಟಿದ್ದರು. ಬನ್ನು ಎಂದ ಮೂರು ಜನರನ್ನು ಹರಿಣಿ ಹೊಡೆದಿದ್ದಳು, ಅದು ಬೇರೆ ವಿಷಯ.

ಚಿಕ್ಕಬಳ್ಳಾಪುರದ ಮಕ್ಕಳ ಡಾಕ್ಟರು ಸೊಸೆ ತನುಜಳಿಗೆ ಒಂದು ದಾರಿ ಹೇಳಿದರು. ಈ ಕಾಯಿಲೆ ಪದೇ ಪದೇ ಮರುಕಳಿಸದಂತೆ ತಡೆಯಲು ಹೊಸ ಔಷಧಿಗಳ ಅಧ್ಯಯನಗಳು ನಡೆಯುತ್ತಿರುತ್ತವೆ, ದೇಶದಲ್ಲಿ ನಡೆಯುವ ಅಂಥ ಅಧ್ಯಯನಗಳ ಪಟ್ಟಿ ಸರ್ಕಾರದ ವೆಬ್‌ಸೈಟಿನಲ್ಲಿದೆ, ನೋಡಿ ಎಂದರು. ತನುಜ ಶಿಡ್ಲಘಟ್ಟದಲ್ಲಿ ನರ್ಸರಿ ಟೀಚರು. ಇಪ್ಪತ್ತೆಂಟು ಮಕ್ಕಳಿಗೆ ಒಟ್ಟಿಗೆ ಶೂ ಹಾಕಿಸುವ ತಾಳ್ಮೆ ಅವಳಿಗಿತ್ತು. ಒಂದು ವಾರ ಫೋನು ಹಿಡಿದು ಕೂತಳು. ಮೊದಲನೆಯದಕ್ಕೆ ಫೋನ್ ಮಾಡಿದರೆ ಹನ್ನೆರಡು ವರ್ಷ ತುಂಬಿರಬೇಕು ಎಂದರು. ಎರಡನೆಯದು ಮುಗಿದು ಎರಡು ವರ್ಷವಾಗಿತ್ತು. ಮೂರನೆಯದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ. ವಯಸ್ಸೂ ಸರಿಯಿತ್ತು, ಮಕ್ಕಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದರು.

ಮನೆಯಲ್ಲಿ ಹೇಳಿದ ಕೂಡಲೇ ಚೆನ್ನರಾಯಪ್ಪ ಮುದ್ದೆ ಕೆಳಗಿಟ್ಟರು.

"ಪರೀಕ್ಷೆನಾ? ನಮ್ ಹುಡ್ಗಿ ಮೇಲಾ?"

"ಔಷಧಿ ಮೇಲೆ ಮಾವ. ಹರಿಣಿ ಮೇಲಲ್ಲ."

"ಔಷಧಿ ಹೋಗೋದು ಯಾರ್ ಹೊಟ್ಟೆಗೆ?"

ಗಂಗುಲಮ್ಮ ಸಾರಿನ ಸೌಟು ಎತ್ತಿದರು. "ಇಪ್ಪತ್ತಾರು ವರ್ಷದಿಂದ ಊರೋರ ಹಾಲೆಲ್ಲ ಪರೀಕ್ಷೆ ಮಾಡ್ತಾ ಕುಂತಿದ್ಯಲ್ಲ, ಪರೀಕ್ಷೆ ಅನ್ನೋದನ್ನ ನಿನ್ ಹೆಸರಿಗೇ ಬರ್ಕೊಟ್ಟವ್ರಾ? ಓದಿ ನೋಡು ಮೊದ್ಲು."

ಹದಿನಾಲ್ಕು ಪುಟದ ಒಪ್ಪಿಗೆ ಪತ್ರ ಕನ್ನಡದಲ್ಲೇ ಇತ್ತು. ಚೆನ್ನರಾಯಪ್ಪ ಮೂರು ದಿನ ಓದಿದರು. ಈಗಿನ ಚಿಕಿತ್ಸೆ ನಿಲ್ಲಿಸುವುದಿಲ್ಲ. ಅದರ ಜೊತೆಗೆ ದಿನಕ್ಕೊಂದು ಮಾತ್ರೆ, ಒಂದು ವರ್ಷ. ಅರ್ಧ ಮಕ್ಕಳ ಮಾತ್ರೆಯಲ್ಲಿ ಹೊಸ ಔಷಧಿ, ಇನ್ನರ್ಧ ಮಕ್ಕಳಿಗೆ ಅದೇ ಥರ ಕಾಣುವ, ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಕೊನೆಯ ಪುಟದಲ್ಲಿ ಆಸ್ಪತ್ರೆಯ ನೈತಿಕ ಸಮಿತಿಯ ಫೋನ್ ನಂಬರಿತ್ತು. ಏನಾದರೂ ಅನ್ಯಾಯವಾದರೆ ಅಲ್ಲಿಗೆ ದೂರು ಕೊಡಬಹುದಂತೆ. ಚೆನ್ನರಾಯಪ್ಪ ಆಗಲೇ ಒತ್ತಿದರು.

"ನಮಸ್ಕಾರ. ಈ ನಂಬರ್ ನಿಜವಾಗ್ಲೂ ಐತಾ ಅಂತ ನೋಡ್ದೆ."

"ಇದೆ ಸರ್. ಏನು ದೂರು?"

"ಇನ್ನೂ ಸೇರಿಲ್ಲ. ಸೇರಿದ್ಮೇಲೆ ಹೇಳ್ತೀನಿ."

ಆಸ್ಪತ್ರೆಯಲ್ಲಿ ಅಧ್ಯಯನದ ಕೆಲಸ ನೋಡಿಕೊಳ್ಳುವ ಯಾಮಿನಿ ಎಂಬ ಹುಡುಗಿ ತನುಜಳ ಸಹಿ ತೆಗೆದುಕೊಂಡು, "ಇಷ್ಟೇ ಸಾಲ್ದು. ಏಳು ವರ್ಷ ದಾಟಿದೆಯಲ್ಲ, ಮಗೂನೂ ಒಪ್ಬೇಕು" ಎಂದು ಹರಿಣಿಯ ಕಡೆ ತಿರುಗಿದಳು. ತನ್ನನ್ನು ಯಾರೋ ದೊಡ್ಡವರು ಒಪ್ಪಿಗೆ ಕೇಳುತ್ತಿರುವುದು ಹರಿಣಿಗೆ ಜನ್ಮದಲ್ಲಿ ಮೊದಲು. ಅವಳು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು.

"ಸೂಜಿ ಎಷ್ಟು?"

"ಮೂರು ತಿಂಗಳಿಗೊಂದು."

"ನಂಗೆ ಬೇಡ ಅನ್ಸಿದ್ರೆ?"

"ಯಾವಾಗ ಬೇಕಾದ್ರೂ ಬಿಡ್ಬಹುದು. ಯಾರೂ ಬೈಯೋ ಹಾಗಿಲ್ಲ."

"ತಾತನೂ?"

ಚೆನ್ನರಾಯಪ್ಪ ತಲೆಯಾಡಿಸಲೇಬೇಕಾಯಿತು.

ಮನೆಯಲ್ಲಿ ಒಂದು ಕೆಲಸವಿತ್ತು. ದಿನಾ ಬೆಳಿಗ್ಗೆ ಹರಿಣಿಯ ಮೂತ್ರದಲ್ಲಿ ಒಂದು ಪರೀಕ್ಷೆ ಪಟ್ಟಿ ಅದ್ದಿ, ಒಂದು ನಿಮಿಷ ಬಿಟ್ಟು ಬಣ್ಣ ನೋಡಬೇಕು. ಹಳದಿಯಿದ್ದರೆ ಸರಿ, ಹಸಿರಾದಷ್ಟೂ ಪ್ರೋಟೀನು ಹೋಗುತ್ತಿದೆ ಎಂದು ಅರ್ಥ. ಅದನ್ನು ಆಸ್ಪತ್ರೆಯವರು ಕೊಟ್ಟ ಪುಸ್ತಕದಲ್ಲಿ ಬರೆಯಬೇಕು. ಇದಕ್ಕೆ ಇಡೀ ತಾಲ್ಲೂಕಿನಲ್ಲಿ ಚೆನ್ನರಾಯಪ್ಪನಿಗಿಂತ ತಕ್ಕವರು ಯಾರಿದ್ದಾರೆ? ಸೊಸೈಟಿಗೆ ಹೋಗುವ ಮುಂಚೆ ಕನ್ನಡಕ ಹಾಕಿ, ವಾಚು ಬಿಚ್ಚಿ ಎದುರಿಗಿಟ್ಟುಕೊಂಡು ಪಟ್ಟಿಯನ್ನು ಬೆಳಕಿಗೆ ಹಿಡಿಯುತ್ತಿದ್ದರು. ಬಾಗಿಲಲ್ಲಿ ನಿಂತು ಹರಿಣಿ ಕೂಗುತ್ತಿದ್ದಳು, "ತಾತ, ನಂದು ಪಾಸಾ, ವಾಪಸ್ಸಾ?"

"ಪಾಸ್ ಕಣಮ್ಮ."

ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ದಿನಾ ಪಟ್ಟಿ ನೋಡುವಾಗ ಪಕ್ಕದಲ್ಲೇ ಆ ಮಾತ್ರೆ ಬಾಟಲಿ ಕೂತಿರುತ್ತಿತ್ತು. ಒಳಗೆ ಅಸಲಿಯೋ ಬರೀ ಸುಣ್ಣವೋ? ಒಂದು ಕ್ಯಾನು ಹಾಲಿನಲ್ಲಿ ಒಂದು ಲೋಟ ನೀರು ಹಿಡಿಯುವ ಮನುಷ್ಯನಿಗೆ ತನ್ನ ಮನೆಯ ಗೂಡಿನಲ್ಲಿರುವುದು ಏನೆಂದು ಗೊತ್ತಿಲ್ಲ. ಎರಡನೇ ವಾರಕ್ಕೆ ಊಟ ರುಚಿಸದಾಯಿತು.

ಹನ್ನೆರಡನೇ ದಿನ ಸೊಸೆ, ಮೊಮ್ಮಗಳು ಇಬ್ಬರೂ ಸ್ಕೂಲಿಗೆ ಹೋದ ಮೇಲೆ ಚೆನ್ನರಾಯಪ್ಪ ಒಂದು ಮಾತ್ರೆ ತೆಗೆದು, ಪುಡಿ ಮಾಡಿ, ಚೊಂಬಿನ ನೀರಿಗೆ ಹಾಕಿ, ಸೊಸೈಟಿಯಿಂದ ತಂದ ಲ್ಯಾಕ್ಟೋಮೀಟರನ್ನು ಮೆಲ್ಲಗೆ ಒಳಗೆ ಬಿಟ್ಟರು. ಅದು ಮುಳುಗಿತು. ಇನ್ನೊಂದು ಚೊಂಬಿನಲ್ಲಿ ಬರೀ ನೀರಿಗೆ ಬಿಟ್ಟರು. ಅಲ್ಲೂ ಅಷ್ಟೇ ಮುಳುಗಿತು. ಇನ್ನೊಂದು ಮಾತ್ರೆ ತೆಗೆದು ನೆಕ್ಕಿದರು. ಕಹಿಯೂ ಅಲ್ಲ, ಸಿಹಿಯೂ ಅಲ್ಲ. ಎಂಜಲಾದದ್ದು ಬಾಟಲಿಗೆ ಬೇಡವೆಂದು ಅದನ್ನೂ ಚೊಂಬಿಗೇ ಹಾಕಿದರು.

ಹಿತ್ತಲಿಂದ ಬಂದ ಗಂಗುಲಮ್ಮ ಎರಡು ಚೊಂಬು ನೋಡಿ, "ಏನದು? ಹಾಲು ಎಲ್ಲಿ?" ಎಂದರು.

"ನೀರು ಸರಿಗೈತಾ ನೋಡ್ತಿದ್ದೆ."

"ದೇವುಡಾ! ಇನ್ನು ನೀರಿಗೆ ನೀರು ಹಾಕವ್ರೆ ಅಂತ ಊರೋರ ಮೇಲೆ ಜಗಳಕ್ಕೆ ಹೋಗ್ತೀಯ."

ಇಪ್ಪತ್ತೆಂಟನೇ ದಿನ ಚೆನ್ನರಾಯಪ್ಪ, ತನುಜ, ಹರಿಣಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. ಯಾಮಿನಿ ಬಾಟಲಿಯನ್ನು ತಟ್ಟೆಗೆ ಸುರಿದು, ಒಂದು ಸಲ ಎಣಿಸಿದಳು, ಮತ್ತೆ ಎಣಿಸಿದಳು.

"ಕೊಟ್ಟಿದ್ದು ಮೂವತ್ತೈದು. ಏಳು ಉಳೀಬೇಕಿತ್ತು ಅಕ್ಕ. ಐದೇ ಇವೆ."

ಚೆನ್ನರಾಯಪ್ಪ ತಾವೂ ತಟ್ಟೆಗೆ ಬಾಗಿ ಎಣಿಸಿದರು. ಉಳಿದ ಮಾತ್ರೆ ಎಣಿಸುತ್ತಾರೆ ಎಂದು ಹದಿನಾಲ್ಕು ಪುಟದಲ್ಲಿ ಎಲ್ಲೋ ಓದಿದ್ದರು, ಈಗ ನೆನಪಾಯಿತು.

ತನುಜ ಮಗಳ ಕಡೆ ತಿರುಗಿದಳು. "ಎರಡೆರಡು ನುಂಗಿದ್ಯೇನೇ? ಇಲ್ಲ ಎಲ್ಲಾದ್ರೂ ಬಿಸಾಕಿದ್ಯಾ?"

"ಇಲ್ಲಮ್ಮ! ದಿನಾ ಒಂದೊಂದೇ!"

"ಹೆಚ್ಚು ಮಾತ್ರೆ ಹೋಗಿದ್ರೆ ಡಾಕ್ಟ್ರಿಗೆ ಹೇಳ್ಲೇಬೇಕು ಅಕ್ಕ" ಎಂದಳು ಯಾಮಿನಿ, ಸ್ವರ ತಗ್ಗಿಸಿ. "ಅಧ್ಯಯನದಲ್ಲಿ ಇಟ್ಕೋಬೇಕೋ ಬೇಡ್ವೋ ಅಂತ ಅವ್ರು ಹೇಳ್ತಾರೆ."

"ನಿಜ ಹೇಳು ಹರಿಣಿ!"

ಬನ್ನು ಎಂದವರನ್ನು ಹೊಡೆದ ಹುಡುಗಿ ಈಗ ಗೋಡೆಯ ಕಡೆ ಮುಖ ಮಾಡಿ, ಶಬ್ದ ಮಾಡದೆ ಕಣ್ಣೊರೆಸಿಕೊಂಡಳು. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಜನ ಚೆನ್ನರಾಯಪ್ಪನ ಮುಂದೆ ಹೀಗೆ ನಿಂತಿದ್ದರು, ನಾವು ನೀರು ಹಾಕಿಲ್ಲಪ್ಪ ಎಂದು. ಅವರು ಎದ್ದು ನಿಂತರು.

"ಮಗೂನ ಬೈಬ್ಯಾಡಮ್ಮ. ನೀರು ಹಾಕಿದ್ದು ನಾನು."

"ಎಲ್ಲಿಗೆ ಮಾವ?"

"ಮಾತ್ರೆಗೆ."

ಪುಸ್ತಕ ತೆಗೆದು ಹಿಂದಿನ ರಟ್ಟಿನ ಒಳಭಾಗ ತೋರಿಸಿದರು. ಸ್ಯಾಂಪಲ್ ತೆಗೆದು ಬರೆಯದೆ ಬಿಡುವುದು ಆ ಕೈಗೆ ಗೊತ್ತೇ ಇರಲಿಲ್ಲ. ಗುಂಡಗಿನ ಅಕ್ಷರದಲ್ಲಿ ತಾರೀಕು, ಟೈಮು, ಕೆಳಗೆ ಹೀಗಿತ್ತು: "ಮಾತ್ರೆ ಸ್ಯಾಂಪಲ್ 1, ಮುಳುಗಿತು. ಮಾತ್ರೆ ಸ್ಯಾಂಪಲ್ 2, ಸಪ್ಪೆ. ತೀರ್ಮಾನ ಇಲ್ಲ. ಚೆ. ರಾ."

ಅಧ್ಯಯನದ ಡಾಕ್ಟರಮ್ಮ ಬಂದು ಅದನ್ನು ಎರಡು ಸಲ ಓದಿದರು.

"ಮುಳುಗಿತು ಅಂದ್ರೆ?"

"ಲ್ಯಾಕ್ಟೋಮೀಟ್ರು ಮೇಡಂ."

ಯಾಮಿನಿ ಏನೋ ಮರೆತವಳಂತೆ ಹೊರಗೆ ಹೋಗಿ ಬಾಗಿಲು ಹಾಕಿಕೊಂಡಳು. ಆಚೆಯಿಂದ ಕೆಮ್ಮೋ ನಗುವೋ ಕೇಳಿಸಿತು. ಡಾಕ್ಟರಮ್ಮ ನಗಲಿಲ್ಲ.

"ಇದನ್ನ ತಪ್ಪು ಅಂತ ಬರೆದು ಸಮಿತಿಗೆ ಕಳಿಸ್ಬೇಕು ಯಜಮಾನ್ರೇ. ಮಗು ಒಂದ್ ದಿನನೂ ತಪ್ಪಿಸಿಲ್ಲ, ಹೆಚ್ಚೂ ತಗೊಂಡಿಲ್ಲ, ನೀವು ಬರೆದಿಟ್ಟಿದ್ದೀರ. ಅದಕ್ಕೆ ಹರಿಣಿ ಮುಂದುವರೀಬಹುದು. ಇನ್ನೊಂದ್ಸಲ ಹಿಂಗಾದ್ರೆ ನನ್ ಕೈಲೂ ಏನೂ ಮಾಡಕ್ಕಾಗಲ್ಲ. ಒಂದು ಹೇಳಿ, ನಿಮ್ಮ ಸೊಸೈಟೀಲಿ ಸ್ಯಾಂಪಲ್ ಬಾಟ್ಲಿ ಮೇಲೆ ಹೆಸರು ಬರೀತೀರಾ?"

"ಛೇ, ಇಲ್ಲ. ನಂಬರ್ ಮಾತ್ರ."

"ಯಾಕೆ?"

"ಹೆಸರು ಗೊತ್ತಾದ್ರೆ..." ಚೆನ್ನರಾಯಪ್ಪನಿಗೆ ಅತ್ತೆಯ ಕ್ಯಾನು ನೆನಪಾಯಿತು. ನಲವತ್ತೊಂದು ಯಾರದು ಎಂದು ಅವತ್ತು ಮೊದಲೇ ಗೊತ್ತಿದ್ದಿದ್ದರೆ ವಾಪಸ್ ಎಂದು ಕೂಗುತ್ತಿದ್ದರೇ? ಮೇಜಿನ ಮೇಲಿದ್ದ ಬಾಟಲಿ ನೋಡಿದರು. ಅದರ ಮೇಲೂ ಹೆಸರಿರಲಿಲ್ಲ, ಬರೀ ನಂಬರು. "ಗೊತ್ತಾದ್ರೆ ಕಣ್ಣು ಬಾಗ್ತೈತೆ ಮೇಡಂ, ಬೇಕಾದೋರ ಕಡೆಗೆ."

"ನಮ್ದೂ ಅಷ್ಟೇ" ಎಂದರು ಡಾಕ್ಟರಮ್ಮ.

ವಾಪಸು ಬಸ್ಸಿನಲ್ಲಿ ಹರಿಣಿ ದೇವನಹಳ್ಳಿ ದಾಟುವವರೆಗೆ ಅಮ್ಮನ ಮಗ್ಗುಲಿಗೇ ಅಂಟಿ ಕೂತಳು. ಆಮೇಲೆ ತಾತನಿಗೆ ಶಿಕ್ಷೆ ಹೇಳಿದಳು: ಹೊಸ ಬಾಟಲಿ ತನ್ನ ಜ್ಯಾಮಿಟ್ರಿ ಬಾಕ್ಸಿನ ಪಕ್ಕ, ಬೀಗ ಹಾಕಿದ ಪೆಟ್ಟಿಗೆಯಲ್ಲಿರುತ್ತದೆ. ಬೀಗದ ಕೈ ಅಮ್ಮನ ಹತ್ತಿರ. ತಾತ ಎರಡು ಮಾರು ದೂರ ನಿಲ್ಲಬೇಕು.

"ಪಟ್ಟಿ ನೋಡೋದು?"

"ಅದು ನಿಂದೇ" ಎಂದಳು, ಸ್ವಲ್ಪ ಯೋಚಿಸಿ.

ಮನೆ ಬಾಗಿಲಲ್ಲೇ ಗಂಗುಲಮ್ಮ ಕಾಯುತ್ತಿದ್ದರು. "ಏನಂದ್ರು? ಮಾತ್ರೆ ಅಸಲಿನಾ, ಸುಣ್ಣನಾ?"

ಚೆನ್ನರಾಯಪ್ಪ ಚಪ್ಪಲಿ ಬಿಟ್ಟರು. "ಕೇಳ್ಬಾರ್ದು ಕಣೇ ಅದನ್ನ."

ಗಂಗುಲಮ್ಮ ಮೂವರ ಮುಖವನ್ನೂ ನೋಡಿ, ಇವರೇನೋ ಮಾಡಿಕೊಂಡು ಬಂದಿದ್ದಾರೆ ಎಂದು ತಿಳಿದು, "ನಲವತ್ತೊಂದು?" ಎಂದರು.

ಮೊದಲ ಸಲ ಚೆನ್ನರಾಯಪ್ಪ ಆ ಮಾತಿಗೆ ನಕ್ಕರು. ಮಾರನೇ ಬೆಳಿಗ್ಗೆ ವಾಚು ಬಿಚ್ಚಿಟ್ಟು, ಪೆಟ್ಟಿಗೆಯಿಂದ ಎರಡು ಮಾರು ದೂರ ಕೂತು, ಪಟ್ಟಿಯನ್ನು ಬೆಳಕಿಗೆ ಹಿಡಿದರು. ಹಳದಿ.

"ತಾತ, ನಂದು?"

"ಪಾಸ್ ಕಣಮ್ಮ" ಎಂದು, ಪುಸ್ತಕದಲ್ಲಿ ಬರೆಯಬೇಕಾದ ಜಾಗದಲ್ಲಿ ಬರೆಯಬೇಕಾದಷ್ಟನ್ನೇ ಬರೆದರು.